ಹಚ್ಚಿದ್ದು ಎಲ್ಲಿಯವರೆಗೆ ಇಳಿಯುತ್ತದೆ?

ಮತ ಹಾಕಿ ಬಂದವರ ಎಡಗೈ ತೋರುಬೆರಳಿನ ಮೇಲೆ ಉಳಿಯುವ ಆ ಕಪ್ಪು ಗೆರೆಯ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ 1962ರ ಮಹಾಚುನಾವಣೆಯಿಂದ ಇದನ್ನು ಪೂರೈಸುತ್ತಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿದಂತೆ ಕಪ್ಪಾಗಿ, ಅಲ್ಲೇ ಅಂಟಿಕೊಳ್ಳುತ್ತದೆ. ಸೋಪಿಗೂ ಎಣ್ಣೆಗೂ ಜಗ್ಗುವುದಿಲ್ಲ. ಆದರೂ ಕೆಲವು ವಾರ ಕಳೆಯುವಷ್ಟರಲ್ಲಿ ಚರ್ಮದ ಮೇಲಿನ ಗುರುತು ತಾನಾಗಿಯೇ ಮಾಯವಾಗುತ್ತದೆ. ಉಗುರಿನ ಮೇಲಿನದು ಮಾತ್ರ, ಉಗುರು ಬೆಳೆದು ಕತ್ತರಿಸಿಹೋಗುವವರೆಗೆ, ತಿಂಗಳುಗಟ್ಟಲೆ ಇರುತ್ತದೆ.

ಅಲ್ಲಿ ಶಾಯಿ ಕರಗಿದ್ದಲ್ಲ. ಶಾಯಿ ಅಂಟಿದ್ದ ಚರ್ಮವೇ ಉದುರಿಹೋಯಿತು. ಮುಖಕ್ಕೆ ಹಚ್ಚುವ ಕ್ರೀಮು, ಸೀರಮ್, ಲೇಪಗಳ ವಿಚಾರದಲ್ಲಿ ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ತೀರುತ್ತದೆ. ನಾವು ದುಡ್ಡು ಕೊಟ್ಟು ತರುವ ಬಹುಪಾಲು ವಸ್ತುಗಳು ಕೆಲಸ ಮಾಡುವುದು ಈ ಉದುರಿಹೋಗುವ ಪದರದಲ್ಲೇ. ಅದನ್ನು ದಾಟಿ ಕೆಳಗೆ ಇಳಿಯುವಂಥವು ಕೆಲವೇ ಕೆಲವು, ಮತ್ತು ಎಚ್ಚರ ಬೇಕಿರುವುದು ಅವುಗಳ ಬಗ್ಗೆ. ಆದ್ದರಿಂದ ಡಬ್ಬಿಯ ಮೇಲಿನ ಬೆಲೆ, ಕಂಪನಿಯ ಹೆಸರು ನೋಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಪದರದಲ್ಲಿ ಕೆಲಸ ಮಾಡುತ್ತದೆ?

ಸತ್ತ ಕೋಶಗಳ ಗೋಡೆ

ಚರ್ಮವನ್ನು ಸ್ಥೂಲವಾಗಿ ಮೂರು ಭಾಗ ಮಾಡುತ್ತಾರೆ: ಮೇಲೆ ಹೊರಚರ್ಮ, ಅದರ ಕೆಳಗೆ ಒಳಚರ್ಮ, ತಳದಲ್ಲಿ ಕೊಬ್ಬಿನ ಪದರ. ಕೊಬ್ಬಿನ ಪದರಕ್ಕೂ ಕ್ರೀಮಿಗೂ ಸಂಬಂಧವಿಲ್ಲ. ಅದನ್ನು ಇಲ್ಲಿಗೇ ಬಿಡೋಣ. ಒಳಚರ್ಮದಲ್ಲಿ ರಕ್ತನಾಳ, ನರ, ಬೆವರುಗ್ರಂಥಿ, ಕೂದಲಿನ ಬುಡ ಎಲ್ಲವೂ ಇವೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ನಾರು ಇರುವುದೂ ಅಲ್ಲಿಯೇ. ಹೊರಚರ್ಮ ಬಹಳ ತೆಳು. ಮೈಯ ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಕಣ್ಣುರೆಪ್ಪೆಯಲ್ಲಿ ಅದರ ಅರ್ಧ, ಅಂಗಾಲಿನಲ್ಲಿ ಮಾತ್ರ ಒಂದೂವರೆ ಮಿಲಿಮೀಟರಿನವರೆಗೂ ಹೋಗುತ್ತದೆ.

ಹೊರಚರ್ಮದ ಬುಡದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಹಿಂದಿನಿಂದ ಬರುವ ಕೋಶಗಳು ಮುಂದಿನವನ್ನು ಮೇಲಕ್ಕೆ ದೂಡುತ್ತವೆ. ಮೇಲೇರುವ ದಾರಿಯಲ್ಲಿ ಕೋಶವು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿಕೊಂಡು, ಚಪ್ಪಟೆಯಾಗಿ, ತನ್ನ ಕೇಂದ್ರವನ್ನೇ ಕಳೆದುಕೊಂಡು ಸಾಯುತ್ತದೆ. ಇದಕ್ಕೆ ಸುಮಾರು ಎರಡು ವಾರ. ಸತ್ತ ಮೇಲೆ ಇನ್ನೆರಡು ವಾರ ಮೇಲ್ಪದರದಲ್ಲಿದ್ದು ಉದುರುತ್ತದೆ. ಪ್ರಾಯದವರಲ್ಲಿ ಒಟ್ಟು ನಾಲ್ಕು ವಾರದ ಈ ಪಯಣ ವಯಸ್ಸಾದಂತೆ ನಿಧಾನವಾಗುತ್ತದೆ. ಮೇಲಿರುವ ಸತ್ತ ಕೋಶಗಳ ಪದರವನ್ನು ಚರ್ಮವೈದ್ಯರು ಸ್ಟ್ರಾಟಂ ಕಾರ್ನಿಯಂ ಎನ್ನುತ್ತಾರೆ. ಹದಿನೈದಿಪ್ಪತ್ತು ಸಾಲು ಕೋಶಗಳು ಒಂದರ ಮೇಲೊಂದು ಕೂತಿದ್ದರೂ ಒಟ್ಟು ದಪ್ಪ 10ರಿಂದ 20 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಲೆಕ್ಕ ಸಿಗುತ್ತದೆ.

ಈ ಪದರವನ್ನು ಕಣ್ಣಾರೆ ನೋಡಬೇಕೆಂದರೆ ಮದುವೆಮನೆಗೆ ಹೋಗಿ. ಗೋರಂಟಿಯಲ್ಲಿರುವ ಲಾಸೋನ್ ಎಂಬ ಬಣ್ಣ ಕೆರಾಟಿನ್ನಿಗೆ ಅಂಟುತ್ತದೆ. ಅಂಗೈಯಲ್ಲಿ ಸತ್ತ ಪದರ ದಪ್ಪ, ಆದ್ದರಿಂದ ಅಲ್ಲಿ ಕಡುಗೆಂಪು. ಅದೇ ಗೋರಂಟಿ, ಅದೇ ಹೊತ್ತು ಇಟ್ಟುಕೊಂಡರೂ ಮುಂಗೈ ಮೇಲೆ ತೆಳುಗಂದು. ಅತ್ತೆ ಪ್ರೀತಿಸುತ್ತಾರೋ ಇಲ್ಲವೋ ಎಂಬುದಕ್ಕೂ ಬಣ್ಣಕ್ಕೂ ನಂಟಿಲ್ಲ. ಅರಿಶಿನ ಶಾಸ್ತ್ರದ ಮರುದಿನ ಮದುಮಗಳ ಮುಖಕ್ಕೆ ಬರುವ ಹೊನ್ನಿನ ಬಣ್ಣವೂ ಬಹುಮಟ್ಟಿಗೆ ಈ ಪದರಕ್ಕೆ ಹತ್ತಿದ ಬಣ್ಣವೇ. ಒಳಗಿನಿಂದ ಬಂದ ಕಾಂತಿ ಎಂದು ಹೊಗಳುವವರು ಹೊಗಳಲಿ.

ಸತ್ತ ಪದರ ಎಂದ ಮಾತ್ರಕ್ಕೆ ಕಸ ಎಂದುಕೊಳ್ಳಬೇಡಿ. ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಇದನ್ನು ಇಟ್ಟಿಗೆ ಮತ್ತು ಗಾರೆಯ ಗೋಡೆಗೆ ಹೋಲಿಸಿದರು. ಪಠ್ಯಪುಸ್ತಕಗಳು ಈಗಲೂ ಆ ಹೋಲಿಕೆಯನ್ನೇ ಬಳಸುತ್ತವೆ. ಇಟ್ಟಿಗೆ ಎಂದರೆ ಸತ್ತ ಕೋಶ. ಗಾರೆ ಎಂದರೆ ಅವುಗಳ ನಡುವಿನ ಜಿಡ್ಡು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸೆರಮೈಡುಗಳು, ಕಾಲು ಭಾಗ ಕೊಲೆಸ್ಟೆರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲ. ಇಟ್ಟಿಗೆಯೊಳಗೆ ಅಮೈನೋ ಆಮ್ಲ, ಯೂರಿಯಾ, ಲ್ಯಾಕ್ಟೇಟ್‌ನಂಥ ನೀರು ಹಿಡಿದಿಡುವ ಪದಾರ್ಥಗಳಿವೆ. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ಕೊಳೆ, ರೋಗಾಣು, ರಾಸಾಯನಿಕ ಒಳಗೆ ಬಾರದಂತೆ ತಡೆಯುವುದು ಈ ಗೋಡೆ. ಕ್ರೀಮು ಮಾಡುವವರಿಗೆ ಇದೇ ತೊಡಕು. ಕ್ರೀಮು ಕೂಡ ಹೊರಗಿನದೇ ತಾನೇ?

ಮಾಗಿಯ ಚಳಿ, ಮೊಣಕಾಲಿನ ಕೆಳಗೆ ಬಿಳಿ ಗೆರೆ

ಡಿಸೆಂಬರ್ ಬಂತೆಂದರೆ ಮೈಸೂರು, ಮಂಡ್ಯದ ಮಕ್ಕಳೆಲ್ಲರೂ ಒಂದು ಪ್ರಯೋಗ ಮಾಡಿರುತ್ತಾರೆ: ಮೊಣಕಾಲಿನ ಕೆಳಗೆ ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ, ಅದರಲ್ಲಿ ಹೆಸರನ್ನೂ ಬರೆಯಬಹುದು. ಗಾಳಿ ಒಣಗಿದಾಗ ಮೇಲಿನ ಕೋಶಗಳ ಅಂಚುಗಳು ಎದ್ದು ನಿಲ್ಲುತ್ತವೆ. ನಡುವೆ ಗಾಳಿ ಸೇರಿಕೊಳ್ಳುತ್ತದೆ. ಆ ಸಂದುಗಳಲ್ಲಿ ಬೆಳಕು ಚದುರಿ ಚರ್ಮ ಬೂದಿ ಬಡಿದಂತೆ ಕಾಣುತ್ತದೆ. ಅದರ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಎಣ್ಣೆ ಸಂದು ತುಂಬುತ್ತದೆ, ಬೆಳಕು ಚದುರುವುದು ನಿಲ್ಲುತ್ತದೆ, ಬಿಳುಪು ಆ ಕ್ಷಣವೇ ಹೋಗುತ್ತದೆ. ಜಾಹೀರಾತಿನಲ್ಲಿ ‘ತಕ್ಷಣದ ಹೊಳಪು’ ಎನ್ನುವುದರ ಗುಟ್ಟು ಬಹುತೇಕ ಇಷ್ಟೇ. ಸುಳ್ಳಲ್ಲ, ಆದರೆ ಚರ್ಮ ರಿಪೇರಿಯಾಯಿತು ಎಂದೂ ಅಲ್ಲ.

ಮಾಯಿಶ್ಚರೈಸರ್ ಎಂಬ ಹೆಸರಿನಲ್ಲಿ ಬರುವುದರಲ್ಲಿ ಮೂರು ಬಗೆಯ ಕೆಲಸದವು ಬೆರೆತಿರುತ್ತವೆ. ಗ್ಲಿಸರಿನ್ ತರದ್ದು ನೀರನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲಿಯಂ ಜೆಲ್ಲಿ ಮೇಲೆ ಮುಚ್ಚಳ ಹಾಕಿ ಆವಿಯಾಗುವುದನ್ನು ತಡೆಯುತ್ತದೆ. ಈ ಕೆಲಸದಲ್ಲಿ ಅದನ್ನು ಮೀರಿಸಿದ್ದು ಇವತ್ತಿಗೂ ಇಲ್ಲ, ಬೆಲೆಯೂ ಕಡಿಮೆ. ಅಜ್ಜಿಯರು ತುಟಿಗೆ ಸವರುತ್ತಿದ್ದ ಬೆಣ್ಣೆ, ತುಪ್ಪ ಮಾಡುತ್ತಿದ್ದುದೂ ಇದನ್ನೇ. ಮೂರನೆಯದು ಸೆರಮೈಡಿನಂಥ ಗಾರೆಯ ಸಾಮಾನನ್ನೇ ಹೊರಗಿನಿಂದ ಒದಗಿಸುವುದು. ಇಸುಬು ಇರುವವರಿಗೆ, ಚರ್ಮ ಪದೇ ಪದೇ ಒಡೆಯುವವರಿಗೆ ಇದರ ಪ್ರಯೋಜನ ಹೆಚ್ಚು. ಮೂರೂ ನೀರನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಕಾಪಾಡುತ್ತವೆ. ಆದ್ದರಿಂದ ಸ್ನಾನವಾದ ಕೂಡಲೇ, ಮೈ ಪೂರ್ತಿ ಆರುವ ಮುನ್ನ ಹಚ್ಚಿದರೆ ಫಲ ಹೆಚ್ಚು. ಎಣ್ಣೆಸ್ನಾನದಲ್ಲಿ ನಾವು ಇದನ್ನು ತಿರುಗುಮುರುಗು ಮಾಡುತ್ತೇವೆ: ಮೊದಲು ಹರಳೆಣ್ಣೆ, ಆಮೇಲೆ ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕಿ ತೊಳೆಯುವುದು. ಅದರ ಸುಖ ಬೇರೆ, ಬಿಡಬೇಕಿಲ್ಲ. ಒಣಚರ್ಮಕ್ಕಾದರೆ ಸ್ನಾನದ ನಂತರವೂ ನಾಲ್ಕು ಹನಿ ಬೇಕು. ಕೊಬ್ಬರಿ ಎಣ್ಣೆ ಮೈಗೆ ಒಳ್ಳೆಯದು, ಮೊಡವೆ ಏಳುವ ಮುಖಕ್ಕೆ ಬೇಡ.

ಹಿಮ್ಮಡಿಯ ಮಾತು ಬೇರೆ. ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿ, ಬರಿಗಾಲಲ್ಲಿ ಓಡಾಡಿದವರ ಹಿಮ್ಮಡಿಯಲ್ಲಿ ಸತ್ತ ಪದರ ಎಷ್ಟು ದಪ್ಪವಾಗುತ್ತದೆಂದರೆ ಅದು ಬಾಗುವ ಗುಣ ಕಳೆದುಕೊಂಡು ಬಿರಿಯುತ್ತದೆ. ಅಲ್ಲಿ ಬರೀ ಜಿಡ್ಡು ಸಾಲದು. ಅದಕ್ಕೆಂದೇ ಯೂರಿಯಾ ಕ್ರೀಮುಗಳಿವೆ. 10 ಶೇಕಡಾ ಆಸುಪಾಸಿನಲ್ಲಿ ಯೂರಿಯಾ ನೀರು ಹಿಡಿಯುತ್ತದೆ. 40ರ ಹತ್ತಿರ ಹೋದರೆ ಗಟ್ಟಿ ಕೆರಾಟಿನ್ನನ್ನೇ ಮೆತ್ತಗೆ ಮಾಡಿ ಬಿಡಿಸುತ್ತದೆ. ಗದ್ದೆಗೆ ಎರಚುವುದೂ ಇದೇ ರಾಸಾಯನಿಕ, ನಮ್ಮ ಚರ್ಮದೊಳಗೆ ಸಹಜವಾಗಿ ಇರುವುದೂ ಇದೇ. ಹಾಗೆಂದು ಚೀಲದಿಂದ ಒಂದು ಹಿಡಿ ತೆಗೆದು ಕಾಲಿಗೆ ತಿಕ್ಕಿಕೊಳ್ಳುವ ಸಾಹಸ ಬೇಡ; ಗೊಬ್ಬರವನ್ನು ಮೈಗೆ ಹಚ್ಚಲೆಂದು ಶುದ್ಧ ಮಾಡಿರುವುದಿಲ್ಲ.

ಸೋಪಿನ ಬಗ್ಗೆ ಮೈಸೂರಿನವರಿಗೆ ಹೇಳುವುದು ಸ್ವಲ್ಪ ಕಷ್ಟ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧದ ರಫ್ತು ನಿಂತಾಗ ಸಂಸ್ಥಾನವೇ ಎಣ್ಣೆ ತೆಗೆಯಲು ಹೊರಟಿತು, ಅದರ ಬೆನ್ನಿಗೇ ಗಂಧದ ಸೋಪು ಬಂತು. ಅಂದಿನಿಂದ ಅದು ಮನೆಯ ಅಭಿಮಾನ. ಆದರೆ ಕೊಬ್ಬಿಗೆ ಕ್ಷಾರ ಬೆರೆಸಿ ಮಾಡಿದ ಸೋಪು ಯಾವುದೇ ಇರಲಿ, ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9ರಿಂದ 10. ಚರ್ಮದ ಮೇಲ್ಮೈ ಮಾತ್ರ 5ರ ಆಸುಪಾಸು, ಅಂದರೆ ತುಸು ಹುಳಿ. ಆ ಹುಳಿಯಲ್ಲೇ ಸೆರಮೈಡ್ ತಯಾರಿಸುವ ಕಿಣ್ವಗಳು ಸರಿಯಾಗಿ ಕೆಲಸ ಮಾಡುವುದು. ಆರೋಗ್ಯವಂತ ಚರ್ಮ ಕೆಲವು ಗಂಟೆಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಒಣಚರ್ಮ, ಇಸುಬು ಇರುವವರಿಗೆ, ಎಳೆಗೂಸುಗಳಿಗೆ ಅದು ಹೊರೆ. ಕೊಳವೆಬಾವಿಯ ಗಡಸು ನೀರಾದರೆ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಕೂರುವಂತೆ ಚರ್ಮದ ಮೇಲೂ ಕೂರುತ್ತದೆ. ದಿನವೂ ಮೈಯೆಲ್ಲ ಉಜ್ಜಬೇಕಿಲ್ಲ, ಕಂಕುಳು, ತೊಡೆಸಂದು, ಪಾದಕ್ಕೆ ಹಾಕಿದರೆ ಸಾಕು.

ಐನೂರರ ಗಡಿ

ಈಗ ಒಳಗೆ ಇಳಿಯುವವುಗಳ ವಿಚಾರ. 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬ ಇಬ್ಬರು ಚರ್ಮತಜ್ಞರು ಒಂದು ಅಂದಾಜು ಸೂತ್ರ ಮುಂದಿಟ್ಟರು: ಅಣುತೂಕ 500 ಡಾಲ್ಟನ್ ದಾಟಿದ ವಸ್ತು ಆರೋಗ್ಯವಂತ ಚರ್ಮದ ಸತ್ತ ಪದರವನ್ನು ದಾಟುವುದು ಕಷ್ಟ. ಚರ್ಮಕ್ಕೆ ಹಚ್ಚುವ ಔಷಧಗಳು ಬಹುತೇಕ ಅದಕ್ಕಿಂತ ಚಿಕ್ಕವು. ತಾಗಿ ಅಲರ್ಜಿ ಬರಿಸುವ ಸಾಮಾನ್ಯ ವಸ್ತುಗಳೂ ಚಿಕ್ಕವೇ. ಗಾತ್ರವೊಂದೇ ಸಾಲದು, ಜಿಡ್ಡಿನಲ್ಲೂ ನೀರಿನಲ್ಲೂ ಒಂದಿಷ್ಟು ಕರಗಬೇಕು. ಆದರೂ ಈ ಒಂದು ಸಂಖ್ಯೆ ಹಿಡಿದು ಅಂಗಡಿಗೆ ಹೋದರೆ ಬಹಳಷ್ಟು ಬಯಲಾಗುತ್ತದೆ.

ಕೊಲಾಜೆನ್ ಕ್ರೀಮನ್ನೇ ನೋಡಿ. ಕೊಲಾಜೆನ್ನಿನ ಅಣುತೂಕ ಸುಮಾರು 3 ಲಕ್ಷ ಡಾಲ್ಟನ್. ಅದು ಒಳಚರ್ಮಕ್ಕೆ ಇಳಿದು ಅಲ್ಲಿನ ನಾರಿಗೆ ಸೇರಿಕೊಳ್ಳುವುದು ಆಗದ ಮಾತು. ಮೇಲೆ ಕೂತು ನೀರು ಹಿಡಿಯುತ್ತದೆ, ಅಷ್ಟು ಮಟ್ಟಿಗೆ ಒಳ್ಳೆಯ ಮಾಯಿಶ್ಚರೈಸರ್. ಲಕ್ಷಗಳಲ್ಲಿ ತೂಗುವ ಹೈಯಲುರಾನಿಕ್ ಆಮ್ಲದ್ದೂ ಇದೇ ಕಥೆ. ಇನ್ನೊಂದು ಕಡೆ ಗ್ಲೈಕಾಲಿಕ್ ಆಮ್ಲ 76, ಸ್ಯಾಲಿಸಿಲಿಕ್ ಆಮ್ಲ 138, ನಯಾಸಿನಮೈಡ್ 122, ಸಿ ಜೀವಸತ್ವ 176, ರೆಟಿನಾಲ್ 286. ಇವು ಗಡಿಯೊಳಗಿನವು.

ಚಿಕ್ಕದು ಎಂದರೆ ಒಳ್ಳೆಯದು ಎಂದಲ್ಲ. ಹಣೆಗೆ ಅಂಟಿಸುವ ಸ್ಟಿಕ್ಕರ್ ತೆಗೆದಾಗ ಅದೇ ಅಳತೆಯ ಬಿಳಿ ಮಚ್ಚೆ ಉಳಿದಿರುವ ಹೆಂಗಸರನ್ನು ನೀವು ನೋಡಿರಬಹುದು. ಕೆಲವು ಸ್ಟಿಕ್ಕರುಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ವಸ್ತುವಿನ ತೂಕ 150. ದಿನವಿಡೀ ಒಂದೇ ಜಾಗದಲ್ಲಿ ಕೂತು ಅದು ನಿಧಾನವಾಗಿ ಹೊರಚರ್ಮದ ಬುಡಕ್ಕೆ ಇಳಿದು, ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳನ್ನು ಕೊಲ್ಲುತ್ತದೆ. ಮಚ್ಚೆ ಕಂಡ ಕೂಡಲೇ ಸ್ಟಿಕ್ಕರ್ ಬಿಟ್ಟು ವೈದ್ಯರಿಗೆ ತೋರಿಸಬೇಕು. ಕ್ರೀಮುಗಳಲ್ಲಿರುವ ಸುಗಂಧದ ಅಣುಗಳೂ ಹೀಗೆಯೇ ಚಿಕ್ಕವು. ಪರಿಮಳವಿಲ್ಲದ್ದನ್ನು ಕೊಳ್ಳಿ ಎಂದು ಚರ್ಮವೈದ್ಯರು ಹೇಳುವುದು ಅದಕ್ಕಾಗಿ.

ಗ್ಲೈಕಾಲಿಕ್ ಆಮ್ಲ ಮಂಡ್ಯದ ಕಬ್ಬಿನಲ್ಲೂ ಇದೆ, ಆದರೆ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾದದ್ದು. ಕಬ್ಬಿನ ಹಾಲು ಮುಖಕ್ಕೆ ಬಳಿದುಕೊಂಡರೆ ಇರುವೆ ಬರುತ್ತವೆ. ಈ ಆಮ್ಲದ ಕೆಲಸ ಸತ್ತ ಕೋಶಗಳನ್ನು ಹಿಡಿದಿಟ್ಟ ಬೆಸುಗೆಯನ್ನು ಸಡಿಲಿಸುವುದು; ಉದುರಬೇಕಾದದ್ದು ಬೇಗ ಉದುರುತ್ತದೆ. ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗುವುದರಿಂದ ಎಣ್ಣೆ ಕಟ್ಟಿದ ರಂಧ್ರದೊಳಗೂ ಹೋಗುತ್ತದೆ, ಆದ್ದರಿಂದ ಮೊಡವೆಗೆ ಅದು. ನಿಂಬೆಹಣ್ಣನ್ನು ನೇರವಾಗಿ ಉಜ್ಜುವವರಿಗೆ ಒಂದು ಮಾತು: ಅದರ ಪಿಎಚ್ 2ರ ಹತ್ತಿರ, ಸಾಲದ್ದಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುವ ರಾಸಾಯನಿಕಗಳು ಅದರ ಸಿಪ್ಪೆಯಲ್ಲಿವೆ. ಬೆಳ್ಳಗಾಗಲು ಹೋಗಿ ಕಪ್ಪು ಕಲೆ ತಂದುಕೊಂಡವರು ಕಡಿಮೆಯಿಲ್ಲ.

ಬಣ್ಣದ ವಿಚಾರ ನಡೆಯುವುದು ಹೊರಚರ್ಮದ ಬುಡದಲ್ಲಿ. ಕಪ್ಪಗಿರುವವರಿಗೂ ಬೆಳ್ಳಗಿರುವವರಿಗೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆ ಬೇರೆ. ನಯಾಸಿನಮೈಡ್ ಈ ಬಣ್ಣದ ಪೊಟ್ಟಣಗಳು ಸುತ್ತಲಿನ ಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ. ಹೀಗೆ ಬುಡದಲ್ಲಿ ಆದ ಬದಲಾವಣೆ ಕನ್ನಡಿಯಲ್ಲಿ ಕಾಣಬೇಕಾದರೆ ಆ ಕೋಶಗಳು ಮೇಲೇರಿ ಬರಬೇಕು. ‘ಏಳೇ ದಿನದಲ್ಲಿ’ ಎಂಬ ಮಾತನ್ನು ಚರ್ಮದ ಲೆಕ್ಕವೇ ಒಪ್ಪುವುದಿಲ್ಲ. ನಾಲ್ಕು ವಾರಕ್ಕಿಂತ ಮೊದಲು ಫಲ ಕೇಳುವುದು ತಪ್ಪು, ಎಂಟರಿಂದ ಹನ್ನೆರಡು ವಾರ ನ್ಯಾಯ.

ಒಳಚರ್ಮದವರೆಗೆ ಪರಿಣಾಮ ಮುಟ್ಟಿಸುತ್ತದೆಂದು ಗಟ್ಟಿಯಾದ ಪುರಾವೆ ಇರುವುದು ಎ ಜೀವಸತ್ವದ ಬಳಗವಾದ ರೆಟಿನಾಯ್ಡ್‌ಗಳಿಗೆ. ಕೋಶಕೇಂದ್ರದ ಗ್ರಾಹಕಗಳಿಗೆ ಅಂಟಿ, ಕೊಲಾಜೆನ್ ತಯಾರಿಕೆಯನ್ನೇ ಹೆಚ್ಚಿಸುತ್ತವೆ. ಮೊದಲ ವಾರಗಳಲ್ಲಿ ಸಿಪ್ಪೆ ಏಳುವುದು, ಉರಿ ಸಾಮಾನ್ಯ. ಗರ್ಭಿಣಿಯರು ಇದನ್ನು ಬಳಸಬಾರದು. ಇದೇ ಬಳಗದ ಟ್ರೆಟಿನಾಯಿನ್ ಔಷಧ, ವೈದ್ಯರ ಚೀಟಿ ಬೇಕು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರವೂ ಸೌಂದರ್ಯವರ್ಧಕ ಎಂದರೆ ಶುಚಿಗೊಳಿಸುವುದು, ಅಂದ ಹೆಚ್ಚಿಸುವುದು, ತೋರಿಕೆ ಬದಲಿಸುವುದು, ಅಷ್ಟೇ.

ಒಳಗೆ ಹೋಗದಿದ್ದರೇ ಒಳ್ಳೆಯದು

ಸನ್‌ಸ್ಕ್ರೀನಿನ ಕೆಲಸ ಮೇಲ್ಮೈಯಲ್ಲೇ ಉಳಿದು ಕಿರಣವನ್ನು ತಡೆಯುವುದು. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿಬಿ ಹೆಚ್ಚಾಗಿ ಹೊರಚರ್ಮದಲ್ಲೇ ನಿಲ್ಲುತ್ತದೆ, ಅಲ್ಲಿ ಸುಡುತ್ತದೆ. ಯುವಿಎ ಒಳಚರ್ಮಕ್ಕೆ ಇಳಿದು ಕೊಲಾಜೆನ್ ಕೆಡಿಸುತ್ತದೆ, ಮತ್ತು ಕಿಟಕಿಯ ಗಾಜನ್ನೂ ದಾಟುತ್ತದೆ. 28 ವರ್ಷ ಲಾರಿ ಓಡಿಸಿದ ಅಮೆರಿಕದ ಚಾಲಕರೊಬ್ಬರ ಚಿತ್ರ 2012ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಗಿತ್ತು: ಕಿಟಕಿಯ ಪಕ್ಕದ ಎಡಗೆನ್ನೆ ಸುಕ್ಕುಗಟ್ಟಿ ಜೋತಿತ್ತು, ಬಲಗೆನ್ನೆ ಎಷ್ಟೋ ವರ್ಷ ಎಳೆಯದಾಗಿ ಕಾಣುತ್ತಿತ್ತು. ನಮ್ಮಲ್ಲಿ ಮೈಸೂರು–ಬೆಂಗಳೂರು ನಡುವೆ ದಿನವೂ ಕಾರು ಓಡಿಸುವವರಿಗೆ ಅದು ಬಲಗೆನ್ನೆ. ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಯುವಿಬಿಯ ಅಳತೆ; ಯುವಿಎಗೆ ‘ಪಿಎ’ ಮುಂದಿನ ಪ್ಲಸ್ ಚಿಹ್ನೆಗಳನ್ನು ನೋಡಬೇಕು. ಎಸ್‌ಪಿಎಫ್ 30 ಸುಮಾರು 97 ಶೇಕಡಾ ತಡೆದರೆ 50 ತಡೆಯುವುದು 98. ಆ ಒಂದು ಶೇಕಡಾಕ್ಕಿಂತ ಹಚ್ಚುವ ಪ್ರಮಾಣ ಮುಖ್ಯ: ಪರೀಕ್ಷೆ ಮಾಡುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ ಮುಖ, ಕುತ್ತಿಗೆಗೆ ಎರಡು ಬೆರಳುದ್ದ. ಬಟಾಣಿಯಷ್ಟು ತೆಗೆದು ಸವರಿದರೆ ಡಬ್ಬಿಯ ಮೇಲಿನ ಸಂಖ್ಯೆ ಅನ್ವಯಿಸುವುದಿಲ್ಲ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಐರನ್ ಆಕ್ಸೈಡ್ ಸೇರಿದ, ತುಸು ಬಣ್ಣವಿರುವ ಸನ್‌ಸ್ಕ್ರೀನ್ ಅವರಿಗೆ ಸೂಕ್ತ. ಬಿಸಿಲಿನಲ್ಲಿ ಕಳೆ ಕೀಳುವವರಿಗಂತೂ ತಲೆಗೆ ಟವೆಲ್, ಅಗಲ ಅಂಚಿನ ಟೋಪಿ ಮೊದಲು, ಟ್ಯೂಬು ಆಮೇಲೆ.

ಒಳಗೆ ಇಳಿಯಬಾರದ್ದು ಇಳಿಯುವ ಇನ್ನೊಂದು ಬಗೆಯೂ ಇದೆ, ಅದೇ ಎಲ್ಲಕ್ಕಿಂತ ಅಪಾಯದ್ದು. ‘ಮೂರು ದಿನದಲ್ಲಿ ಮುಖ ತಿಳಿಯಾಗುತ್ತದೆ’ ಎಂದು ಪರಿಚಯದವರು ಹೇಳಿ, ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲೋ ಫ್ಯಾನ್ಸಿ ಸ್ಟೋರಿನಲ್ಲೋ ಸಿಗುವ ಕ್ರೀಮು. ಅದರ ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೂರು ದಿನದಲ್ಲಿ ಮುಖ ತಿಳಿಯಾಗುವುದು ನಿಜ: ಒಳಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ಉರಿಯೂತ ತಗ್ಗುತ್ತದೆ, ಮೊಡವೆ ಅಡಗುತ್ತದೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಹೊರಚರ್ಮ ತೆಳುವಾಗುತ್ತದೆ, ಕೊಲಾಜೆನ್ ಕುಗ್ಗುತ್ತದೆ, ಕೆನ್ನೆಯ ಮೇಲೆ ಕೆಂಪು ನಾಳಗಳು ಬಲೆಯಂತೆ ಎದ್ದು ಕಾಣುತ್ತವೆ, ಹೆಂಗಸರ ಮುಖದಲ್ಲಿ ಕೂದಲು ಹೆಚ್ಚುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ನಿಂತು, ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ತಯಾರಕರ ವಿಳಾಸವೇ ಇಲ್ಲದ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಪಾದರಸವಿರುವ ಸಾಧ್ಯತೆಯೂ ಉಂಟು. ಅದು ಚರ್ಮ ದಾಟಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಸ್ಟೀರಾಯ್ಡನ್ನು ತಿಂಗಳುಗಳ ಕಾಲ ಹಚ್ಚಿದವರು ಗಾಬರಿಯಾಗಿ ಒಂದೇ ದಿನಕ್ಕೆ ನಿಲ್ಲಿಸಿದರೆ ಮುಖ ಕೆಂಪೇರಿ ಉರಿದು, ಅಡಗಿದ್ದ ಮೊಡವೆಯೆಲ್ಲ ಒಟ್ಟಿಗೆ ಏಳುತ್ತದೆ. ಹೆದರಿ ಮತ್ತೆ ಅದೇ ಕ್ರೀಮಿಗೆ ಮರಳುವವರೇ ಹೆಚ್ಚು. ಹೇಗೆ ಬಿಡಬೇಕೆಂದು ಚರ್ಮವೈದ್ಯರು ಹೇಳುತ್ತಾರೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಚರ್ಮರೋಗ ವಿಭಾಗವಿದೆ. ಹೋಗುವಾಗ ಹಳೆಯ ಟ್ಯೂಬನ್ನು ನಾಚಿಕೊಂಡು ಮನೆಯಲ್ಲಿ ಬಿಟ್ಟು ಹೋಗಬೇಡಿ, ಖಾಲಿಯಾಗಿದ್ದರೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.